ಗವಸಪ್ಪನ ಬೈಕು ಓಡಲೊಲ್ಲದ ಕಾಲ

ಗವಸಪ್ಪನ ನಿಜವಾದ ಹೆಸರೇನು ಎಂದು ಯಾರಾದರೂ ಕೇಳಿದರೆ ಅವನು ಅಂಗಡಿಯ ಬೋರ್ಡಿನ ಕಡೆ ಕೈ ತೋರಿಸುತ್ತಾನೆ. ಬೋರ್ಡಿಗೆ ಧೂಳು ಕೂರಬಾರದೆಂದು ಅದಕ್ಕೂ ಒಂದು ಗವಸು ಹೊಲಿದು ತೊಡಿಸಿರುವುದರಿಂದ ಕೇಳಿದವರಿಗೆ ಕಾಣುವುದು ಬೂದು ಬಣ್ಣದ ರೆಕ್ಸಿನ್ ಮಾತ್ರ. ಹೀಗಾಗಿ ಊರಿನವರು ಗವಸಪ್ಪ ಎಂದೇ ಕರೆದರು, ಅವನೂ ಓಗೊಟ್ಟ.

ಅವನ ಕಸುಬು ಗಾಡಿಗಳ ಸೀಟಿಗೂ ಪೆಟ್ರೋಲ್ ಟ್ಯಾಂಕಿಗೂ ಕವರ್ ಹೊಲಿಯುವುದು. ಅಂಗಡಿ ಎಂದರೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಉದ್ದನೆಯ ಕೋಣೆ. ಬಾಗಿಲ ಬಳಿ ದಪ್ಪ ಸೂಜಿಯ ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿದ ರೆಕ್ಸಿನ್ ಸುರುಳಿಗಳು, ಮೂಲೆಯಲ್ಲಿ ಫೋಮ್ ಹಾಳೆಗಳ ರಾಶಿ, ಎಲ್ಲಕ್ಕೂ ಅಂಟಿನ ವಾಸನೆ. ಗುರುತು ಹಾಕುವ ಸೀಮೆಸುಣ್ಣವನ್ನು ತುಟಿಯ ಎಡಗಡೆಗೆ ಕಚ್ಚಿಕೊಳ್ಳುವ ಅಭ್ಯಾಸ ಅವನಿಗೆ. ಅದರಿಂದ ಮೀಸೆಯ ಎಡಭಾಗ ಯಾವಾಗಲೂ ಬಲಭಾಗಕ್ಕಿಂತ ಹತ್ತು ವರ್ಷ ಹಿರಿಯದಾಗಿ ಕಾಣುತ್ತಿತ್ತು.

ಹೊಲಿಯುವ ಚಟ ಅಂಗಡಿಯಲ್ಲೇ ಮುಗಿಯುತ್ತಿರಲಿಲ್ಲ. ಮನೆಯಲ್ಲಿ ಟೀವಿಗೆ ಗವಸು, ರಿಮೋಟಿಗೆ ಗವಸು, ಮಿಕ್ಸಿಗೆ, ಫ್ರಿಜ್ಜಿನ ಹಿಡಿಕೆಗೆ, ಬಾಗಿಲ ಚಿಲಕಕ್ಕೆ ಸಹ ಗವಸು. ಕೊಡೆಯ ಜೊತೆ ಬಂದ ಚೀಲ ಹಾಳಾಗಬಾರದೆಂದು ಆ ಚೀಲಕ್ಕೊಂದು ಚೀಲ ಹೊಲಿದಿದ್ದ. ಮಳೆ ಬಂದಾಗ ಎರಡನ್ನೂ ಬಿಚ್ಚಿ ಕೊಡೆ ಹೊರತೆಗೆಯುವಷ್ಟರಲ್ಲಿ ಮಳೆ ನಿಂತಿರುತ್ತಿತ್ತು. "ನನಗೊಂದು ಹೊಲಿದಿಲ್ಲ, ಅಷ್ಟರ ಮಟ್ಟಿಗೆ ನನ್ನ ಪುಣ್ಯ," ಎನ್ನುತ್ತಿದ್ದಳು ಅವನ ಹೆಂಡತಿ.

ಹೆಂಡತಿ ಊರಾಚೆಯ ದೊಡ್ಡ ರಸ್ತೆಯಲ್ಲಿ ಲಾರಿಗಳನ್ನು ತೂಗುವ ಕಾಟಾದಲ್ಲಿ ಕೆಲಸಕ್ಕಿದ್ದಳು. ಗಾಜಿನ ಗೂಡಿನಲ್ಲಿ ಕೂತು ಮೈಕಿನಲ್ಲಿ "ಮುಂದೆ ಬನ್ನಿ, ನಿಲ್ಲಿ, ಇಳೀರಿ" ಎಂದು ಲಾರಿಗಳನ್ನು ಹತ್ತಿಸಿ ಇಳಿಸುವುದು ಅವಳ ಕೆಲಸ. ಮನೆಯಲ್ಲೂ ಅವಳ ಮಾತು ಅಷ್ಟೇ ಚುಟುಕು, ಅಷ್ಟೇ ಜೋರು. ಆಕೆಯ ಮಾತಿಗೆ ತೂಕವಿದೆ ಎಂದು ಬೀದಿಯವರು ಹೇಳುತ್ತಿದ್ದದ್ದು ಬರೀ ಗೌರವಕ್ಕಲ್ಲ.

ಇಂಥ ಗವಸಪ್ಪ ಐವತ್ತು ದಾಟಿದ ಮೇಲೆ ಒಂದು ಬೈಕು ತೆಗೆದುಕೊಂಡ. ಹಳೆಯದು, ನಿವೃತ್ತ ಹೆಡ್‌ಮಾಸ್ತರರೊಬ್ಬರದು. ಅವರ ಮಂಡಿ ಕಿಕ್ ಹೊಡೆಯಲು ಒಪ್ಪದೆ ಹೋದ ಮೇಲೆ ವರಾಂಡದಲ್ಲಿ ನಿಂತೇ ಇತ್ತು. ಗವಸಪ್ಪ ಅದನ್ನು ಅಂಗಡಿಗೆ ತಂದ ದಿನ ಬೇರೆ ಕೆಲಸ ಮುಟ್ಟಲಿಲ್ಲ. ತೊಳೆದ, ಒರೆಸಿದ, ಅಳತೆ ತೆಗೆದ. ಊರಿಗೆಲ್ಲ ಟ್ಯಾಂಕ್ ಕವರ್ ಹೊಲಿದವನು ತನ್ನ ಗಾಡಿಗೆ ಹೊಲಿಯುವಾಗ ಕೈ ಬಿಗಿಹಿಡಿಯಲು ಸಾಧ್ಯವೇ? ಕಪ್ಪು ರೆಕ್ಸಿನ್, ಅಂಚಿಗೆ ಕೆಂಪು ಪಟ್ಟಿ, ಒಳಗೆ ಫೋಮಿನ ಮೆತ್ತೆ. ಬೇರೆಯವರು ಹೊಲಿದ ಕವರಿನಲ್ಲಿ ಪೆಟ್ರೋಲ್ ಮುಚ್ಚಳದ ಜಾಗ ಬರೀ ತೂತು. ಇವನು ಮುಚ್ಚಳಕ್ಕೇ ಒಂದು ಟೋಪಿ ಹೊಲಿದ. ಅದಕ್ಕೆ ಬಿಗಿ ಎಲಾಸ್ಟಿಕ್, ಸುತ್ತ ಜಿಪ್ಪು. ಹಾಕಿದ ಮೇಲೆ ಇರುವೆಯೂ ಒಳಗೆ ಹೋಗುವಂತಿರಲಿಲ್ಲ. ಒಂದು ಕೊಡ ನೀರನ್ನು ಬೀದಿಯವರ ಎದುರಿಗೇ ಸುರಿದು, ಜಿಪ್ಪು ತೆಗೆದು, ಹನಿಯೂ ತಾಗದ ಮುಚ್ಚಳದ ಮೇಲೆ ಬೆರಳಾಡಿಸಿ ತೋರಿಸಿದ. ನೋಡಿದವರಲ್ಲಿ ಹಲವರು ಆ ತಿಂಗಳೇ ತಮಗೂ ಅಂಥದ್ದೇ ಬೇಕೆಂದು ಹೊಲಿಸಿಕೊಂಡರು.

ಬೈಕಿನ ಕಾಯಿಲೆ ಶುರುವಾದದ್ದು ಮೊದಲ ಭಾನುವಾರವೇ. ಹೆಂಡತಿಯ ಅಕ್ಕನ ಮನೆ ದೊಡ್ಡ ರಸ್ತೆಯಲ್ಲಿ ಒಂದಷ್ಟು ದೂರ ಹೋದರೆ ಸಿಗುವ ಪಕ್ಕದ ಊರಿನಲ್ಲಿ. ಊಟಕ್ಕೆ ಬನ್ನಿ ಎಂದಿದ್ದರು. ಊರೊಳಗೆ ಬೈಕು ತಾಯಿಯ ಹಿಂದೆ ಹೋಗುವ ಕರುವಿನ ಹಾಗೆ ಸಾಧುವಾಗಿ ಹೋಯಿತು. ದೊಡ್ಡ ರಸ್ತೆಗೆ ಬಿದ್ದು ಗವಸಪ್ಪ ವೇಗ ಹೆಚ್ಚಿಸಲು ಆಕ್ಸಿಲರೇಟರಿನ ಮೇಲೆ ಸ್ವಲ್ಪ ಕೈ ತಿರುಗಿಸಿದ. ಬೈಕು ಉತ್ಸಾಹದಿಂದ ಓಡಿತು, ಮರದ ಡಿಪೋ ದಾಟಿತು, ಗಾಳಿಗೆ ಹೆಂಡತಿಯ ಸೆರಗು ಹಾರಿತು. ಆಮೇಲೆ ಎಂಜಿನ್ನು ಒಂದು ಸಲ ಗೊಕ್ ಎಂದಿತು, ಇನ್ನೊಂದು ಸಲ ಗೊಕ್ ಎಂದಿತು, ಏನು ಹೇಳಲು ಬಂದಿದ್ದೆ ಎಂಬುದೇ ಮರೆತುಹೋದವರ ಹಾಗೆ ಸುಮ್ಮನಾಯಿತು.

"ಪೆಟ್ರೋಲ್ ಇದೆಯಾ?" ಎಂದಳು ಹೆಂಡತಿ.

ಗವಸಪ್ಪ ಇಳಿದು, ಕೈ ಒರೆಸಿಕೊಂಡು, ಜಿಪ್ಪು ಬಿಚ್ಚಿ, ಟೋಪಿ ತೆಗೆದು, ಮುಚ್ಚಳ ತಿರುಗಿಸಿ ಒಳಗೆ ಇಣುಕಿದ. ಪೆಟ್ರೋಲ್ ಬೇಕಾದಷ್ಟಿತ್ತು. ಮುಚ್ಚಳ ಹಾಕಿ, ಟೋಪಿ ತೊಡಿಸಿ, ಜಿಪ್ಪೆಳೆದು, ಒಂದು ಕಿಕ್ ಹೊಡೆದ. ಏನೂ ಆಗಿಯೇ ಇಲ್ಲ ಎಂಬಂತೆ ಎಂಜಿನ್ನು ಶುರುವಾಯಿತು. ಸ್ವಲ್ಪ ದೂರ ಹೋಗಿ ಮತ್ತೆ ಗೊಕ್. ಮತ್ತೆ ಇಣುಕು, ಮತ್ತೆ ಕಿಕ್. ಹೀಗೆ ನಿಂತು ನಿಂತು ಅವರು ತಲುಪುವಾಗ ಊಟ ಮುಗಿದು, ಪಾತ್ರೆಗಳನ್ನು ತೊಳೆದು ಬೋರಲು ಹಾಕಿದ್ದರು.

ಗೇಟಿನ ಬಳಿ ಷಡ್ಡಕ ನಿಂತಿದ್ದ. ಷಡ್ಡಕ ಎಂದರೆ ಹೆಂಡತಿಯ ಅಕ್ಕನ ಗಂಡ. ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದವನು, ಎದುರಿಗಿರುವವರೆಲ್ಲ ಲೈಸೆನ್ಸ್ ಇಲ್ಲದವರು ಎಂಬ ಧಾಟಿಯಲ್ಲೇ ಮಾತಾಡುತ್ತಿದ್ದ.

"ಏನಪ್ಪಾ, ಗಾಡಿ ತಳ್ಕೊಂಡು ಬಂದ್ಯಾ?"

"ಇಲ್ಲ ಅಣ್ಣ, ಓಡಿಸ್ಕೊಂಡೇ ಬಂದೆ. ಮಧ್ಯೆ ಮಧ್ಯೆ ನಿಲ್ತಿತ್ತು."

"ಗಾಡಿ ಅನ್ನೋದು ನಾವು ಹೆಂಗೆ ನೋಡ್ಕೋತೀವೋ ಹಂಗೆ. ನನ್ನ ಗಾಡಿ ನೋಡು, ಒಂದು ದಿನ ನಿಂತಿದ್ದಿಲ್ಲ," ಎಂದ ಷಡ್ಡಕ. ಅವನ ಗಾಡಿ ಮನೆಯ ಹಿಂದೆ ಶೆಡ್ಡಿನಲ್ಲಿತ್ತು. ಅದನ್ನು ನೋಡು ಎಂದನೇ ಹೊರತು ತೋರಿಸಲಿಲ್ಲ.

ಮರುದಿನ ಗವಸಪ್ಪ ಬೈಕನ್ನು ಮೆಕ್ಯಾನಿಕ್ ಬಳಿ ಒಯ್ದ. ಅವನ ಗ್ಯಾರೇಜು ಅದೇ ಬೀದಿಯ ತುದಿಯಲ್ಲಿ. ಆಳು ಒಳ್ಳೆಯವನು, ಆದರೆ ಅವನ ಕೈ ಮುಟ್ಟಿದ್ದಕ್ಕೆಲ್ಲ ಎಣ್ಣೆಯ ಹಸ್ತಮುದ್ರೆ ಬೀಳುತ್ತಿತ್ತು. ಅದಕ್ಕೇ ಗವಸಪ್ಪ ಗ್ಯಾರೇಜಿನ ತಿರುವಿಗೆ ಮೊದಲೇ ನಿಂತು, ಟ್ಯಾಂಕ್ ಕವರ್ ಬಿಚ್ಚಿ, ಮಡಚಿ, ಬಟ್ಟೆಯ ಚೀಲದಲ್ಲಿಟ್ಟು ಕಂಕುಳಲ್ಲಿ ಸಿಕ್ಕಿಸಿಕೊಂಡ. ತನ್ನ ಬಳಿ ಕವರ್ ಹೊಲಿಸಿಕೊಂಡವರಿಗೆಲ್ಲ ಹೀಗೇ ಮಾಡಿ ಎಂದು ಹೇಳುತ್ತಿದ್ದ.

ಮೆಕ್ಯಾನಿಕ್ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಡಾಕ್ಟರ ಹಾಗೆ ಕೇಳಿದ. ಆಮೇಲೆ ವಿಚಾರಣೆ ಮಾಡಿದ.

"ನಿಂತಾಗ ಏನ್ಮಾಡ್ತೀರಿ ಅಣ್ಣ?"

"ಇಳೀತೀನಿ. ಪೆಟ್ರೋಲ್ ನೋಡ್ತೀನಿ. ಕಿಕ್ ಹೊಡೀತೀನಿ. ಶುರುವಾಗುತ್ತೆ."

"ಅಂದ್ರೆ ಸ್ವಲ್ಪ ತಣ್ಣಗಾದ್ಮೇಲೆ ಶುರುವಾಗುತ್ತೆ."

"ಹಂಗೂ ಅನ್ನಬಹುದು."

ಹಾಗೆ ಅಂದದ್ದೇ ತಪ್ಪಾಯಿತು. ಬಿಸಿಯಾದರೆ ನಿಲ್ಲುತ್ತದೆ, ತಣ್ಣಗಾದರೆ ಓಡುತ್ತದೆ ಎಂಬುದು ಮೆಕ್ಯಾನಿಕ್‌ನ ತಲೆಯಲ್ಲಿ ಕೂತುಬಿಟ್ಟಿತು. ಸ್ಪಾರ್ಕ್ ಪ್ಲಗ್ ಬದಲಾಯಿತು. ಪ್ಲಗ್ಗಿಗೆ ಕಿಡಿ ಕಳಿಸುವ ಕಾಯಿಲ್ ಬದಲಾಯಿತು. ಒಂದೊಂದು ರಿಪೇರಿಯಾದ ಮೇಲೂ ಮೆಕ್ಯಾನಿಕ್ ದೊಡ್ಡ ರಸ್ತೆಗೆ ಹೋಗಿ, ಕೈ ಪೂರ್ತಿ ತಿರುಗಿಸಿ, ಬಾಣದ ಹಾಗೆ ಹೋಗಿ ಬಾಣದ ಹಾಗೆ ಬರುತ್ತಿದ್ದ. ಗವಸಪ್ಪ ಖುಷಿಯಿಂದ ಗಾಡಿ ತೆಗೆದುಕೊಂಡು, ತಿರುವಿನಲ್ಲಿ ನಿಂತು ಕವರ್ ತೊಡಿಸಿ, ಭಾನುವಾರ ಹೆಂಡತಿಯನ್ನು ಕೂರಿಸಿಕೊಂಡು ಹೊರಟರೆ ಮರದ ಡಿಪೋ ದಾಟುತ್ತಲೇ ಗೊಕ್. ಡಿಪೋದ ಕಾವಲುಗಾರ ಇವರಿಗಾಗಿ ಎರಡು ಸ್ಟೂಲು ಹೊರಗಿಡಲು ಶುರು ಮಾಡಿದ್ದ.

ಮೆಕ್ಯಾನಿಕ್ ಸೋಲೊಪ್ಪಲಿಲ್ಲ. ಬಿಸಿಯ ಮಾತು ಬಿಟ್ಟು ಪೆಟ್ರೋಲಿನ ಮಾತಿಗೆ ಬಂದ. ಕಾರ್ಬ್ಯುರೇಟರ್ ಬಿಚ್ಚಿ ಅದರ ಸಣ್ಣ ತೂತುಗಳನ್ನೆಲ್ಲ ಬಾಯಲ್ಲಿ ಊದಿದ. ಟ್ಯಾಂಕಿನ ತಳದ ಜಾಲರಿ ತೊಳೆದ. ಕೊನೆಗೆ ಟ್ಯಾಂಕಿನ ಮುಚ್ಚಳವನ್ನೂ ಬಿಡದೆ, ಅದರಲ್ಲಿರುವ ಸೂಜಿಮೊನೆಯಷ್ಟು ಗಾಳಿತೂತಿಗೆ ಪಿನ್ನು ಹಾಕಿ, ಬೆಳಕಿಗೆ ಹಿಡಿದು ನೋಡಿದ. ತೂತು ಚೊಕ್ಕಟವಾಗಿತ್ತು.

"ಗಾಡಿಯಲ್ಲಿ ಏನೂ ಇಲ್ಲ ಅಣ್ಣ," ಎಂದ. "ನಾನು ಓಡಿಸಿದ್ರೆ ನಿಲ್ಲಲ್ಲ. ನೀವು ಓಡಿಸಿದ್ರೆ ನಿಲ್ಲುತ್ತೆ. ನಿಮ್ಮ ತೂಕ ಎಷ್ಟು?"

ಗವಸಪ್ಪನಿಗೆ ಗೊತ್ತಿರಲಿಲ್ಲ. ಆದರೆ ತೂಗುವ ಜಾಗ ಗೊತ್ತಿತ್ತು. ಇಬ್ಬರೂ ಕಾಟಾಕ್ಕೆ ಹೋದರು. ಗವಸಪ್ಪ ಊಟದ ಡಬ್ಬಿಯನ್ನು ಮೆಕ್ಯಾನಿಕ್ ಕೈಗೆ ಕೊಟ್ಟು, ಲಾರಿ ನಿಲ್ಲುವ ಆ ಮೈದಾನದಂಥ ಕಬ್ಬಿಣದ ಹಲಗೆಯ ನಡುವೆ ಒಬ್ಬನೇ ಹೋಗಿ ನಿಂತ. ಗಾಜಿನ ಗೂಡಿನ ಮೇಲೆ ಎಂಬತ್ತು ಎಂದು ಕೆಂಪಕ್ಷರ ಮೂಡಿತು.

"ಡಬ್ಬಿ ಹಿಡ್ಕೊಂಡು ನಿಲ್ಲಿ ಅಣ್ಣ, ಓಡಿಸೋವಾಗ ಅದೂ ಇರುತ್ತಲ್ಲ," ಎಂದು ಮೆಕ್ಯಾನಿಕ್ ಡಬ್ಬಿ ಕೊಟ್ಟು ಬಂದ. ಕೆಂಪಕ್ಷರ ತೊಂಬತ್ತಕ್ಕೆ ಹಾರಿತು.

ಗವಸಪ್ಪ ಡಬ್ಬಿ ನೋಡಿದ, ಗೂಡಿನ ಕಡೆ ನೋಡಿದ. "ಈ ಡಬ್ಬಿ ಹತ್ತು ಕೇಜಿನಾ?"

ಮೈಕಿನಲ್ಲಿ ಹೆಂಡತಿಯ ದನಿ ರಸ್ತೆಗೆಲ್ಲ ಕೇಳಿಸಿತು. "ಇದು ಲಾರಿ ತೂಗೋ ಕಾಟಾ. ಹತ್ತು ಕೇಜಿ ಆಚೆ ಈಚೆ ಇದಕ್ಕೆ ಲೆಕ್ಕಕ್ಕೇ ಇಲ್ಲ. ಇಳೀರಿ, ಹಿಂದೆ ಜಲ್ಲಿ ಕಾಯ್ತಾ ಇದೆ."

ಜಲ್ಲಿ ಲಾರಿಯ ಚಾಲಕ ಕಿಟಕಿಯಿಂದ ತಲೆ ಹಾಕಿ, "ಲೋಡು ಯಾವ ಊರಿಗೆ?" ಎಂದು ಗವಸಪ್ಪನನ್ನು ಕೇಳಿದ.

ಮೆಕ್ಯಾನಿಕ್ ತೊಂಬತ್ತನ್ನೇ ಹಿಡಿದುಕೊಂಡ. ಅಷ್ಟು ತೂಕದ ಮರಳು ಮೂಟೆಗಳನ್ನು ಬೈಕಿಗೆ ಕಟ್ಟಿ, ಉಳಿದ ಸಂದಿನಲ್ಲಿ ತಾನು ಹೇಗೋ ತೂರಿಕೊಂಡು ಹೊರಟ. ಬೈಕು ಏದುಸಿರು ಬಿಟ್ಟರೂ ನಿಲ್ಲಲಿಲ್ಲ. ವಾಪಸು ಬಂದವನ ಮುಖದಲ್ಲಿ ಬೇಸರವಿತ್ತು. ಗವಸಪ್ಪನ ಹೆಗಲ ಮೇಲೆ ಕೈಯಿಟ್ಟ; ಅಂಗಿಯ ಮೇಲೆ ಐದೂ ಬೆರಳು ಮೂಡಿದವು.

"ತಪ್ಪು ತಿಳ್ಕೋಬೇಡಿ ಅಣ್ಣ. ಗಾಡಿ ಸರಿಯಾಗಿದೆ. ರಿಪೇರಿ ಬೇಕಾಗಿರೋದು ನಿಮಗೆ."

"ಕುಣಿಯೋಕೆ ಬರದವರು ನೆಲ ಡೊಂಕು ಅಂದ್ರಂತೆ," ಎಂದು ಗವಸಪ್ಪ ಮುಖ ತಿರುಗಿಸಿಕೊಂಡು ಹೋದ. ಆದರೆ ಆ ಮಾತು ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಇಷ್ಟೊಂದು ಪ್ರೀತಿ ಮಾಡಿದ ಗಾಡಿಗೆ ತಾನೇ ಆಗುವುದಿಲ್ಲವೆಂದರೆ ಏನರ್ಥ? ಅವನು ಕೂರುವ ಭಂಗಿ ಬದಲಿಸಿ ನೋಡಿದ. ಬೆನ್ನು ನೆಟ್ಟಗೆ ಮಾಡಿ, ಮೊಣಕೈ ಮೈಗೊತ್ತಿ, ಉಸಿರು ಬಿಗಿಹಿಡಿದು ಓಡಿಸಿದ.

"ಯಾಕ್ರೀ ಗೊಂಬೆ ಥರ ಕೂತಿದ್ದೀರ?" ಎಂದಳು ಹಿಂದಿನಿಂದ ಹೆಂಡತಿ.

"ಮಾತಾಡಿಸಬೇಡ. ನಾನು ಕೂತಿರೋದು ಗಾಡಿಗೆ ಗೊತ್ತಾಗಬಾರದು."

ಗೊಕ್.

ಮುಂದಿನ ಭಾನುವಾರ ಮೆಕ್ಯಾನಿಕ್‌ನ ಎಣ್ಣೆ ಅಂಗಿಯನ್ನೇ ಕೇಳಿ ತಂದು ತೊಟ್ಟುಕೊಂಡ. ವಾಸನೆಯಿಂದಾದರೂ ಗಾಡಿ ಮೋಸ ಹೋಗಲಿ ಎಂದು. ಗಾಡಿ ಮೋಸ ಹೋಗಲಿಲ್ಲ. ಡಿಪೋ ಬಳಿ ಸ್ಟೂಲಿನ ಮೇಲೆ ಕೂತಾಗ ಕಾವಲುಗಾರ ಮಾತ್ರ ಮೋಸ ಹೋಗಿ, "ಒಳ್ಳೇದಾಯ್ತು, ಕೊನೆಗೂ ಮೆಕ್ಯಾನಿಕ್ಕನ್ನ ಕರ್ಕೊಂಡೇ ಬಂದ್ರಾ ಅಕ್ಕ," ಎಂದು ಹೆಂಡತಿಗೆ ಹೇಳಿದ.

ಆ ದಿನ ಹೆಂಡತಿಗೆ ಸಾಕಾಯಿತು. ಸೋಮವಾರ ಬೆಳಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಗ್ಯಾರೇಜಿನ ಮುಂದೆ ನಿಂತಳು. "ನೋಡಪ್ಪಾ, ನೀನು ಒಬ್ಬನೇ ಓಡಿಸಿ ನೋಡೋದು, ನಮ್ಮ ಯಜಮಾನರು ಬೇರೆ ಓಡಿಸಿ ನೋಡೋದು, ಇದು ಮುಗಿಯಲ್ಲ. ಇಬ್ಬರೂ ಒಂದೇ ಸಲ ಹತ್ತಿ. ನೀನು ಮುಂದೆ, ಅವರು ಹಿಂದೆ. ನಡೀರಿ."

ಮೈಕಿಲ್ಲದಿದ್ದರೂ ಅದು ಕಾಟಾದ ಆಜ್ಞೆಯೇ. ಮೆಕ್ಯಾನಿಕ್ ಕೈ ತೊಳೆದುಕೊಂಡು ನೇರವಾಗಿ ಗವಸಪ್ಪನ ಅಂಗಡಿಗೆ ಬಂದ. ಬೈಕು ಪೂರ್ತಿ ಉಡುಪಿನಲ್ಲಿ ನಿಂತಿತ್ತು.

"ಇರು, ಕವರ್ ತೆಗೀತೀನಿ," ಎಂದ ಗವಸಪ್ಪ.

"ಇರಲಿ ಬಿಡಿ ಅಣ್ಣ. ಇವತ್ತು ಸೋಪು ಹಾಕಿ ತೊಳೆದಿದ್ದೀನಿ, ನೋಡಿ," ಎಂದು ಮೆಕ್ಯಾನಿಕ್ ಅಂಗೈ ತೋರಿಸಿದ. ಗವಸಪ್ಪ ಅಂಗೈ ಪರೀಕ್ಷೆ ಮಾಡಿ ಒಪ್ಪಿದ.

ಇಬ್ಬರೂ ಹೊರಟರು. ಊರು ದಾಟಿದರು. ಮೆಕ್ಯಾನಿಕ್ ಕೈ ತಿರುಗಿಸಿ, ಗಾಳಿಗೆ ಎದುರಾಗಿ, "ನೋಡಿದ್ರಾ ಅಣ್ಣ, ಹೂವಿನ ಹಾಗೆ ಹೋಗ್ತಿದೆ," ಎಂದು ಕೂಗಿದ. ಮರದ ಡಿಪೋ ದಾಟಿತು. ಗೊಕ್, ಗೊಕ್, ಮೌನ. ಬೈಕು ತನ್ನ ಪಾಡಿಗೆ ಉರುಳುತ್ತ ಹೋಗಿ ನಿಂತದ್ದು ದೊಡ್ಡ ರಸ್ತೆಯ ಇನ್ನೊಂದು ಗ್ಯಾರೇಜಿನ ಎದುರಿಗೆ. ಆ ಗ್ಯಾರೇಜಿನ ಯಜಮಾನ ಚಹಾ ಲೋಟ ಕೈಯಲ್ಲಿ ಹಿಡಿದೇ ಹೊರಗೆ ಬಂದು, ಬಾಯಿ ತೆರೆಯದೆ ನಗುತ್ತ ನಿಂತ.

ಗವಸಪ್ಪನಿಗೆ ಮೈಯೆಲ್ಲ ಹಗುರವಾಯಿತು. ದೋಷ ತನ್ನದಲ್ಲ. "ನಿನಗೂ ನಿಲ್ತು," ಎಂದ ಮೆಲ್ಲಗೆ. ಅದನ್ನೇ ಮತ್ತೊಮ್ಮೆ ಹೇಳಿದ, ಕೇಳಲು ಹಿತವಾಗಿತ್ತು.

ಮೆಕ್ಯಾನಿಕ್ ಕೆಳಗಿಳಿದು, ಜಿಪ್ಪು ಬಿಚ್ಚಿ, ಟೋಪಿ ಸರಿಸಿ ಮುಚ್ಚಳ ತಿರುಗಿಸಿದ. ಟ್ಯಾಂಕು ದೀರ್ಘವಾಗಿ "ಸ್‌ಸ್‌ಸ್" ಎಂದಿತು.

"ಏನಂದ್ರಿ ಅಣ್ಣ?"

"ನಾನೇನೂ ಅನ್ನಲಿಲ್ಲ. ನೀನಂದ್ಯಾ?"

ಇಬ್ಬರೂ ಟ್ಯಾಂಕಿನ ಕಡೆ ನೋಡಿದರು. ಮೆಕ್ಯಾನಿಕ್ ಆ ಟೋಪಿಯನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿದ. ಫೋಮು ಒತ್ತಿದ, ಎಲಾಸ್ಟಿಕ್ ಎಳೆದು ಬಿಟ್ಟ. ಇಷ್ಟು ದಿನ ಗಾಡಿ ತನ್ನ ಬಳಿಗೆ ಬರುವಾಗ ಇದು ಕಂಕುಳ ಚೀಲದಲ್ಲಿರುತ್ತಿತ್ತು. ಗಾಡಿಯ ಮೈಮೇಲೆ ಇದನ್ನು ಅವನು ನೋಡುತ್ತಿರುವುದು ಇದೇ ಮೊದಲು.

"ಅಣ್ಣ, ಎಣ್ಣೆ ಡಬ್ಬಕ್ಕೆ ಎಷ್ಟು ತೂತು ಮಾಡ್ತೀರಿ?"

"ಎರಡು."

"ಯಾಕೆ?"

"ಒಂದೇ ಮಾಡಿದ್ರೆ ಎಣ್ಣೆ ಬರಲ್ಲ. ಇನ್ನೊಂದರಿಂದ ಗಾಳಿ ಒಳಗೆ ಹೋಗಬೇಕು."

"ಇದಕ್ಕೂ ಹಂಗೇ. ಕೆಳಗಿಂದ ಪೆಟ್ರೋಲ್ ಇಳೀಬೇಕು ಅಂದ್ರೆ ಮುಚ್ಚಳದ ತೂತಿಂದ ಗಾಳಿ ಬರಬೇಕು. ನಿಧಾನ ಹೋದ್ರೆ ಕುಡಿಯೋದು ಕಮ್ಮಿ, ಹೆಂಗೋ ನಡೆಯುತ್ತೆ. ಜೋರಾಗಿ ಹೋದ್ರೆ ಜಾಸ್ತಿ ಕುಡಿಯುತ್ತೆ, ಒಳಗೆ ಗಾಳಿ ಇಲ್ಲ, ಪೆಟ್ರೋಲ್ ಇಳಿಯಲ್ಲ. ನೀವು ಇಣುಕಿ ನೋಡ್ತೀನಿ ಅಂತ ಮುಚ್ಚಳ ತೆಗೆದ್ರಿ, ಗಾಳಿ ಹೋಯ್ತು, ಶುರುವಾಯ್ತು. ತಣ್ಣಗಾಗಿದ್ದಕ್ಕಲ್ಲ." ಮೆಕ್ಯಾನಿಕ್ ಟೋಪಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. "ನೀವು ಹೊಲಿದಿರೋದು ಕವರ್ ಅಲ್ಲ ಅಣ್ಣ, ಗಾಡಿ ಬಾಯಿಗೆ ಬಟ್ಟೆ ತುರುಕಿದ್ದೀರಿ."

ಹೆತ್ತವರಿಗೆ ಹೆಗ್ಗಣ ಮುದ್ದು. ಗವಸಪ್ಪ ಟೋಪಿಯನ್ನು ಕಿತ್ತುಕೊಂಡು ಎದೆಗಪ್ಪಿಕೊಂಡ. ಬೇಕಾದರೆ ಎಂಜಿನ್ನಿನದೇ ತಪ್ಪಿರಲಿ, ತನ್ನದೇ ತಪ್ಪಿರಲಿ, ಕೆಂಪು ಪಟ್ಟಿಯ ಆ ಹೊಲಿಗೆಯದ್ದಲ್ಲ. ಮೆಕ್ಯಾನಿಕ್ ವಾದ ಮಾಡಲಿಲ್ಲ. ಟೋಪಿ ಇಲ್ಲದೆ ಓಡಿಸಿ ಎಂದ. ಗವಸಪ್ಪ ತಾನೇ ಮುಂದೆ ಕೂತು ಕಾಟಾದವರೆಗೆ ಕೈ ತಿರುಗಿಸಿ ಹೋದ, ತಿರುಗಿ ಬಂದ. ಬೈಕು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಓಡಿತು. ಟೋಪಿ ಹಾಕಿ ಓಡಿಸಿ ಎಂದ. ಗೊಕ್. ಎದುರು ಗ್ಯಾರೇಜಿನ ಯಜಮಾನ ಎರಡನೇ ಲೋಟ ಚಹಾ ತರಿಸಿಕೊಂಡ.

ಅಂಗಡಿಗೆ ಮರಳಿದ ಗವಸಪ್ಪನಿಗೆ ಹೊಲಿಗೆ ಸಾಗಲಿಲ್ಲ. ಸ್ವಲ್ಪವಾದರೂ ಗಾಳಿ ಹೋಗದೆ ಇರುತ್ತದೆಯೇ ಎಂಬ ಆಸೆ ಇನ್ನೂ ಇತ್ತು. ಬಾಗಿಲು ಅರ್ಧ ಮುಚ್ಚಿ, ಟೋಪಿಯನ್ನು ತನ್ನ ಮೂಗು ಬಾಯಿಗಳ ಮೇಲೆ ಬಿಗಿಯಾಗಿ ತೊಡಿಸಿಕೊಂಡು, ಎಲಾಸ್ಟಿಕ್ಕನ್ನು ಕಿವಿಯ ಹಿಂದೆ ಸಿಕ್ಕಿಸಿ, ಉಸಿರಾಡಲು ಕೂತ. ಕೆಲಸ ಮುಗಿಸಿ ಬಂದ ಹೆಂಡತಿ ಬಾಗಿಲು ತಳ್ಳಿದಾಗ ಕಂಡದ್ದು ಸೀಮೆಸುಣ್ಣದ ಅರ್ಧ ಮೀಸೆ, ಕಪ್ಪು ರೆಕ್ಸಿನ್ ಮೂತಿ ಮತ್ತು ಹೊರಕ್ಕೆ ಬಂದ ಎರಡು ಕಣ್ಣು.

"ಏನ್ರೀ ಇದು?"

ಗವಸಪ್ಪ ಒಂದು ನಿಮಿಷ ಎಂದು ಬೆರಳೆತ್ತಿದ. ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಕೊನೆಗೆ ಕಿತ್ತೆಸೆದು ಮೇಲುಸಿರು ಬಿಡುತ್ತ, "ಹೋಗಲ್ಲ. ಒಂಚೂರೂ ಹೋಗಲ್ಲ. ಎಂಥಾ ಹೊಲಿಗೆ ನೋಡು," ಎಂದ. ದುಃಖದಲ್ಲೂ ಒಂದಿಷ್ಟು ಹೆಮ್ಮೆ ಇಣುಕಿತು.

ನಡೆದದ್ದೆಲ್ಲ ಕೇಳಿದ ಮೇಲೆ ಹೆಂಡತಿ ರೆಕ್ಸಿನ್ ಸುರುಳಿಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲಾ ಹುಡುಕಿದ್ರಂತೆ. ನೀವು ಕೂಸನ್ನ ಚೀಲಕ್ಕೆ ಹಾಕಿಟ್ಟುಕೊಂಡು ಹುಡುಕಿದ್ರಿ." ನಗು ಇಳಿದ ಮೇಲೆ ಆಕೆಯೇ, "ಬೂಟಿಗೆ ದಾರ ಹಾಕೋ ಜಾಗದಲ್ಲಿ ಹಿತ್ತಾಳೆ ಕಣ್ಣು ಇರುತ್ತಲ್ಲ, ಅಂಥದ್ದೊಂದು ಹಾಕಿ. ಗಾಳಿನೂ ಹೋಗುತ್ತೆ, ನೋಡೋಕೂ ಚೆನ್ನಾಗಿರುತ್ತೆ," ಎಂದಳು.

ಚೆನ್ನಾಗಿರುತ್ತೆ ಎಂಬ ಮಾತು ಗವಸಪ್ಪನನ್ನು ಉಳಿಸಿತು. ತೂತು ಎಂದರೆ ಸೋಲು, ಹಿತ್ತಾಳೆ ಕಣ್ಣು ಎಂದರೆ ಅಲಂಕಾರ. ಸುತ್ತಿಗೆಯಿಂದ ಒಂದೇಟು ಹೊಡೆದು ಕಣ್ಣು ಕೂರಿಸಿದ. ಮಾರನೆಯ ದಿನ ಬೈಕು ಪೂರ್ತಿ ಉಡುಪಿನಲ್ಲೇ ಡಿಪೋ ದಾಟಿ ಹೋಯಿತು. ಕಾವಲುಗಾರ ಸ್ಟೂಲು ಹಿಡಿದು ನಿಂತವನು ಹಿಡಿದೇ ಉಳಿದ.

ಅಷ್ಟಕ್ಕೇ ಮುಗಿಯಲಿಲ್ಲ. ಆ ಸಂಜೆ ಮೆಕ್ಯಾನಿಕ್ ಅಂಗಡಿಗೆ ಬಂದು ತಲೆ ಕೆರೆದುಕೊಂಡು ನಿಂತ. "ಅಣ್ಣ, ಪೇಪರ್ ಹಾಕೋರ ಗಾಡಿನೂ ಸ್ಪೀಡಲ್ಲಿ ನಿಲ್ಲುತ್ತೆ. ಸ್ಟುಡಿಯೋ ಫೋಟೋಗ್ರಾಫರ್ ಗಾಡಿನೂ. ಹಾರ್ಡ್‌ವೇರ್ ಅಂಗಡಿಯೋರದ್ದೂ. ಎಲ್ಲರದ್ದೂ ನಾನು ಪ್ಲಗ್ಗು, ಕಾಯಿಲ್ಲು ಬದಲಾಯಿಸಿ ಬದಲಾಯಿಸಿ ಸಾಕಾಗಿದೆ. ಅವರಿಗೆಲ್ಲ ಕವರ್ ಹೊಲಿದಿದ್ದು ಯಾರು?"

ಗವಸಪ್ಪ ಸೀಮೆಸುಣ್ಣವನ್ನು ಬಾಯಿಂದ ತೆಗೆದು ಮತ್ತೆ ಇಟ್ಟುಕೊಂಡ.

ಮರುದಿನದಿಂದ ಇಬ್ಬರೂ ತೂತು ಹೊಡೆಯುವ ಉಳಿ, ಸುತ್ತಿಗೆ, ಹಿತ್ತಾಳೆ ಕಣ್ಣುಗಳ ಪೊಟ್ಟಣ ಹಿಡಿದು ಬೀದಿ ಬೀದಿ ತಿರುಗಿದರು. ಟ್ಯಾಂಕಿನ ಕಡೆ ಉಳಿ ಹಿಡಿದು ಬರುವ ಇಬ್ಬರನ್ನು ಕಂಡರೆ ಯಾರಿಗಾದರೂ ಗಾಬರಿಯೇ. ಫೋಟೋಗ್ರಾಫರ್ ಬೈಕಿಗೆ ಅಡ್ಡ ನಿಂತುಬಿಟ್ಟ. ಹಾರ್ಡ್‌ವೇರ್ ಅಂಗಡಿಯವರು ಹೊಸ ಮಾದರಿಯೆಂದು ತಿಳಿದು, ಒಂದು ಸಾಲದು, ಸುತ್ತಲೂ ಹಾಕಿ ಎಂದು ಹಟ ಹಿಡಿದರು. ಅವರ ಟ್ಯಾಂಕು ಕೊನೆಗೆ ಹಾರ್ಮೋನಿಯಂ ಥರ ಕಂಡಿತು. ಪೇಪರ್ ಹಾಕುವವರು ಮಾತ್ರ ಬೇಡವೆಂದರು; ಗಾಡಿ ನಿಂತಾಗಲೆಲ್ಲ ಪೇಪರ್ ಓದುವ ಅಭ್ಯಾಸವಾಗಿದೆ, ಇರಲಿ ಬಿಡಿ ಎಂದರು.

ಭಾನುವಾರ ಗವಸಪ್ಪನೂ ಹೆಂಡತಿಯೂ ಅಕ್ಕನ ಮನೆಗೆ ಹೊರಟರು. ಎಲ್ಲೂ ನಿಲ್ಲದೆ ಹೋದದ್ದರಿಂದ ಎಷ್ಟು ಬೇಗ ತಲುಪಿದರೆಂದರೆ ಅತ್ತಿಗೆ ಇನ್ನೂ ತಲೆ ಬಾಚಿರಲಿಲ್ಲ.

"ಅಯ್ಯೋ, ಒಲೆ ಹಚ್ಚಿಲ್ಲ. ಮೂರು ಗಂಟೆಗೆ ಬರ್ತೀರಿ ಅಂದ್ಕೊಂಡಿದ್ದೆ," ಎಂದಳು ಆಕೆ.

"ಭಾವ ಎಲ್ಲಿ ಅಕ್ಕ?" ಎಂದು ತಂಗಿ ಕೇಳುವಷ್ಟರಲ್ಲಿ ಗವಸಪ್ಪನ ಕಣ್ಣು ಬೀದಿಯ ತುದಿಗೆ ಹೋಯಿತು. ಷಡ್ಡಕ ಬರುತ್ತಿದ್ದ. ಅಂಗಿ ಬೆನ್ನಿಗಂಟಿತ್ತು, ಮುಖದಿಂದ ಬೆವರು ತೊಟ್ಟಿಕ್ಕುತ್ತಿತ್ತು, ಎರಡೂ ಕೈಯಲ್ಲಿ ತನ್ನ ಬೈಕನ್ನು ತಳ್ಳುತ್ತಿದ್ದ. ಟ್ಯಾಂಕಿನ ಮೇಲೆ ಗವಸಪ್ಪನೇ ಉಡುಗೊರೆಯೆಂದು ಕೊಟ್ಟಿದ್ದ ನೀಲಿ ಕವರ್, ಅದರ ಮೇಲೆ ಬಿಗಿಯಾದ ನೀಲಿ ಟೋಪಿ.

ಗೇಟಿನ ಬಳಿ ನೆಂಟರನ್ನು ಕಂಡು ಷಡ್ಡಕ ನಿಂತ. ಬೈಕು ಇನ್ನೂ ಸ್ವಲ್ಪ ಮುಂದೆ ಹೋಗಿ ಅವನನ್ನು ಎಳೆಯಿತು.

"ಡಾಕ್ಟರು ನಡೀರಿ ಅಂದಿದ್ದಾರೆ," ಎಂದ.

"ಗಾಡಿ ಜೊತೆಗಾ ಅಣ್ಣ?"

"ಒಬ್ಬನೇ ನಡೆದ್ರೆ ಬೇಜಾರು."

ಗವಸಪ್ಪನ ನಾಲಿಗೆಯ ತುದಿಗೆ ಬಹಳ ಮಾತು ಬಂದವು. ಪಕ್ಕದಲ್ಲಿ ಹೆಂಡತಿ ಮೆಲ್ಲಗೆ ಅವನ ಮೊಣಕೈ ತಿವಿದಳು. ಅದು ಹೇಳು ಎಂದೋ ಬೇಡ ಎಂದೋ ಅವನಿಗೆ ತಿಳಿಯಲಿಲ್ಲ. ಬೆವರಿನಲ್ಲಿ ತೊಯ್ದ ಆ ಮುಖ ನೋಡಿ, ತಾನು ಡಿಪೋ ಬಳಿ ಸ್ಟೂಲಿನ ಮೇಲೆ ಕೂತಿದ್ದ ಭಾನುವಾರಗಳು ನೆನಪಾದವು. ಜೇಬಿನಿಂದ ಉಳಿ, ಸಣ್ಣ ಸುತ್ತಿಗೆ ಮತ್ತು ಒಂದು ಹಿತ್ತಾಳೆ ಕಣ್ಣು ತೆಗೆದ.

"ಅಣ್ಣ, ನಿಮ್ಮ ಕವರಿಗೆ ಒಂದು ಅಲಂಕಾರ ಬಾಕಿ ಇತ್ತು," ಎಂದು ಟೋಪಿ ಬಿಚ್ಚಿದ. ಗೇಟಿನ ಕಲ್ಲಿನ ಮೇಲಿಟ್ಟು ಒಂದೇಟು ಹೊಡೆದು, ಕಣ್ಣು ಕೂರಿಸಿ ಮತ್ತೆ ತೊಡಿಸಿದ.

ಷಡ್ಡಕ ಅನುಮಾನದಿಂದ ನೋಡಿ, ಕಿಕ್ ಹೊಡೆದು, ಬೀದಿಯ ಆಚೆ ಹೋದ. ಸದ್ದು ದೂರ ದೂರ ಹೋಗಿ, ನಿಲ್ಲದೆ, ಮತ್ತೆ ಹತ್ತಿರ ಬಂತು. ಕೂದಲು ಹಿಂದಕ್ಕೆ ಹಾರಿಸಿಕೊಂಡು ಬಂದವನು ಬೈಕಿನಿಂದ ಇಳಿಯುತ್ತಲೇ, "ಕಾರ್ಬ್ಯುರೇಟರನ್ನ ನಿನ್ನೆ ಸ್ವಲ್ಪ ತಿರುಗಿಸಿದ್ದೆ. ಈಗ ಹದಕ್ಕೆ ಬಂತು ನೋಡು," ಎಂದ.

"ಹೌದಣ್ಣ," ಎಂದ ಗವಸಪ್ಪ.

"ನೀನೂ ಹಂಗೆ ತಿರುಗಿಸು. ಗಾಡಿ ಅನ್ನೋದು ನಾವು ಹೆಂಗೆ ನೋಡ್ಕೋತೀವೋ…"

ಆ ಮಾತು ಮುಗಿಯಲಿಲ್ಲ. ಅತ್ತಿಗೆ ಒಳಗಿನಿಂದ ಒಂದು ಮೊರದ ತುಂಬ ಬೆಳ್ಳುಳ್ಳಿ ತಂದು ಇಬ್ಬರ ನಡುವೆ ಇಟ್ಟಳು. ಬೇಗ ಬಂದವರು ಬೇಗ ಬಿಡಿಸಲಿ ಎಂದು ಹೇಳಿ, ತಂಗಿಯ ಕೈ ಹಿಡಿದು ಒಳಗೆ ಹೋದಳು. ಒಳಗಿನಿಂದ ಅಕ್ಕ ತಂಗಿಯರ ನಗು ಬಹಳ ಹೊತ್ತು ಕೇಳಿಸಿತು. ಷಡ್ಡಕರಿಬ್ಬರೂ ಮೆಟ್ಟಿಲ ಮೇಲೆ ಕೂತು, ಒಬ್ಬರ ಮುಖ ಒಬ್ಬರು ನೋಡದೆ, ಸಿಪ್ಪೆ ಊದುತ್ತ ಬಿಡಿಸಿದರು.